ಟೇಬಲ್ ಬಿಟ್ಟು ಏಳದ ಲ್ಯಾಪ್‌ಟಾಪ್

ಕಳೆದ ವರ್ಷ ಔರಾದ್‌ನಲ್ಲಿ ಅಪ್ಪ ಸೋಯಾ ಮಾರಿದ ದುಡ್ಡಲ್ಲಿ ನನಗೊಂದು ಗೇಮಿಂಗ್ ಲ್ಯಾಪ್‌ಟಾಪ್ ಬಂತು. "ಡೆಸ್ಕ್‌ಟಾಪ್ ಕೆಲಸಾನೂ ಇದೇ ಮಾಡ್ತದ" ಅಂತ ಹಟ ಹಿಡಿದವ ನಾನೇ. ತಪ್ಪಾಯ್ತು. ಚಾರ್ಜರ್ ಸೇರಿ 3 ಕೆಜಿ; ತುಂಬಿದ ಬಸ್ಸಲ್ಲಿ ಯಾರು ಹೊರ್ತಾರ? ಬೀದರ್ ಹಾಸ್ಟೆಲ್ ಟೇಬಲ್ ಬಿಟ್ಟು ಅದು ಏಳೋದೇ ಇಲ್ಲ. ಬೇಸಿಗೆಯಲ್ಲಿ ಬಿಸಿ ಏರಿದ್ರೆ ಪ್ರೊಸೆಸರ್ ತಾನೇ ವೇಗ ಇಳಿಸ್ಕೊಳ್ತದ.

ಭಾಲ್ಕಿಯ ರೂಮ್‌ಮೇಟ್ ಡೆಸ್ಕ್‌ಟಾಪ್ ಜೋಡಿಸ್ಕೊಂಡ, ಜೊತೆಗೊಂದು ಯುಪಿಎಸ್. ಕರೆಂಟ್ ಹೋದ್ರೆ ಫೈಲ್ ಸೇವ್ ಮಾಡುವಷ್ಟು ಹೊತ್ತು ಸಿಗ್ತದ. ಆಗ ನಂದೇ ಮೇಲು, ಖರೆ. ಆದ್ರೆ ಒಂದೇ ತಾಸು. ಅವನ ಗ್ರಾಫಿಕ್ಸ್ ಕಾರ್ಡ್ ಕೆಟ್ರೆ ಕಾರ್ಡ್ ಬದಲಿಸ್ತಾನ. ನನ್ನದರಲ್ಲಿ ಅದು ಮದರ್‌ಬೋರ್ಡಿಗೇ ಬೆಸುಗೆ. ಕೆಟ್ರೆ ಇನ್ನೊಂದು ಸೋಯಾ ರಾಶಿಗೆ ಕಾಯಬೇಕು.

ಜೂನಿಯರ್‌ಗಳೇ, ದಿನಾ ಊರಿಂದ ಬರೋರು ಹಗುರ ಲ್ಯಾಪ್‌ಟಾಪ್ ತಗೋರಿ, ಹಾಸ್ಟೆಲ್‌ನವರು ಡೆಸ್ಕ್‌ಟಾಪ್. ನಡುವಿನದು ಬ್ಯಾಡ.