ಮುಂಬಾಗಿಲಿಗೆ ಕ್ಯಾಮೆರಾ, ಹಿಂದಿನ ಗಲ್ಲಿಗೆ ಯಾಕಿಲ್ಲ?

ಭಾನುವಾರ ಬೆಳಿಗ್ಗೆ ಆದ್ರೆ ಸಾಕು, ಮಲ್ಲೇಶ್ವರ, ಬಸವನಗುಡಿ ರಸ್ತೆಗಳಲ್ಲಿ ಕ್ಯಾಮೆರಾಗಳ ಸಾಲು. ಮಂಕಿ ಟಾಪ್ ಕಿಟಕಿ, ಹೆಂಚಿನ ಮಾಡು, ರೆಡ್ ಆಕ್ಸೈಡ್ ಜಗುಲಿ. ಕೆಳಗೆ 'ನಮ್ಮ ಹಳೇ ಬೆಂಗಳೂರು' ಅನ್ನೋ ಸಾಲು. ಯಾರ ಬೆಂಗಳೂರು ಸ್ವಾಮಿ?

ಆ ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಇದೆ. ಕನ್ಸರ್ವೆನ್ಸಿ ಲೇನ್ ಅಂತಾರೆ. 1898ರ ಪ್ಲೇಗಿನ ಹೊತ್ತಿಗೆ ಬೆಳೆದ ಬಡಾವಣೆಗಳಿವು. ಒಳಚರಂಡಿ ಇಲ್ಲದ ಕಾಲ. ಹಿತ್ತಲ ಕಕ್ಕಸಿನ ಮಲ ಬಾಚೋಕೆ ನಮ್ಮ ಜನ ಬೇಕಿತ್ತು, ಮುಂಬಾಗಿಲ ಕಡೆ ಮಾತ್ರ ಕಾಣಿಸಬಾರದಿತ್ತು. ಮಡಿ ಮೈಲಿಗೆಯನ್ನ ಅಡಿ ಲೆಕ್ಕದಲ್ಲಿ ಅಳೆದು ಅದಕ್ಕೆ ನಗರ ಯೋಜನೆ ಅಂತ ಹೆಸರಿಟ್ಟರು.

ತಲೆ ಮೇಲೆ ಮಲ ಹೊರೋದನ್ನ ಎಪ್ಪತ್ತರ ದಶಕದಲ್ಲಿ ನಿಲ್ಲಿಸೋಕೆ ಹೊರಟವರು ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪ. ದೇಶಕ್ಕೆ ಕಾನೂನು ಬಂದಿದ್ದು 1993ರಲ್ಲಿ, ಸಾಲದೆ 2013ರಲ್ಲಿ ಇನ್ನೊಂದು. ಆ ಗಲ್ಲಿಗಳು ಇವತ್ತೂ ಇವೆ. ಮಲ್ಲೇಶ್ವರದಲ್ಲಿ ಕೆಲವಕ್ಕೆ ಬಣ್ಣದ ಚಿತ್ರ ಬಂದಿದೆ, ಸೆಲ್ಫಿಗೆ ಚೆಂದ. ಬಣ್ಣ ಬೇಡ ಅನ್ನಲ್ಲ. ಗಲ್ಲಿ ಯಾಕೆ ಹುಟ್ಟಿತು ಅನ್ನೋದನ್ನೂ ಅದೇ ಗೋಡೆ ಮೇಲೆ ಬರೀರಿ.

ಫೋಟೋ ತೆಗೀರಿ. ಆದ್ರೆ ಮನೆ ಸುತ್ತಿ ಹಿಂದಕ್ಕೂ ಬನ್ನಿ. ಪೌರಕಾರ್ಮಿಕರ ಮುಖಕ್ಕೆ ಏಕಾಏಕಿ ಕ್ಯಾಮೆರಾ ಹಿಡೀಬೇಡಿ; ಕೇಳಿ, ಅವರು ಒಪ್ಪಿದ್ರೆ ಮಾತ್ರ ಕ್ಲಿಕ್ ಮಾಡಿ. ಗಲ್ಲಿಯ ಚಿತ್ರ ಹಾಕಿ, ಕೆಳಗೆ 'ಜಾತಿ' ಅಂತ ಬಾಯಿಬಿಟ್ಟು ಬರೀರಿ.

ಮುಂಬಾಗಿಲಷ್ಟೇ ತೋರಿಸಿದ್ರೆ ಅದು ಅರ್ಧ ಚರಿತ್ರೆ. ಉಳಿದರ್ಧ ನಮ್ಮ ಅಜ್ಜ ಅಜ್ಜಿಯರದು. ಅದನ್ನ ನಾವು ಬಿಟ್ಟುಕೊಡಲ್ಲ.

ಜೈ ಭೀಮ್.