ಪ್ರಯೋಗಶಾಲೆಯ ಕಿಟಕಿ: ರಬ್ಬರ್ ರಾಕ್ಷಸನೂ ಸುಟ್ಟ ಕಾಗದವೂ

ಸರಣಿ ಚಿತ್ರಗಳು ಕನ್ನಡಿಗರಾದ ನಮಗೆ ಹೊಸದೇನಲ್ಲ. ದೊರೈ–ಭಗವಾನ್ ಜೋಡಿ 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಾಲ್ಕು ಚಿತ್ರಗಳಲ್ಲಿ ರಾಜಕುಮಾರರನ್ನು ಸಿ.ಐ.ಡಿ. 999 ಆಗಿ ಓಡಾಡಿಸಿತು. ಆ ನಾಲ್ಕನ್ನು ಹಿಂದುಮುಂದಾಗಿ ನೋಡಿದರೂ ನಷ್ಟವೇನಿಲ್ಲ. ಆದರೆ ಕ್ರಮ ತಪ್ಪಿದರೆ ಅರ್ಥವೇ ತಪ್ಪಿಹೋಗುವ ಸರಣಿಯೂ ಒಂದುಂಟು. ಅದು ಜಪಾನಿನ ತೋಹೋ ಸಂಸ್ಥೆಯ ‘ಗೋಜಿರಾ’, ಲೋಕದ ಬಾಯಲ್ಲಿ ಗಾಡ್ಜಿಲ್ಲಾ. 1954ರಿಂದ 2023ರವರೆಗೆ ಆ ಸಂಸ್ಥೆ ತೆಗೆದದ್ದರಲ್ಲಿ, ಕಾರ್ಟೂನುಗಳನ್ನು ಬಿಟ್ಟರೆ, ಮೂವತ್ತು ಚಿತ್ರಗಳಿವೆ. ಶನಿವಾರ ರಾತ್ರಿಗೊಂದರಂತೆ ಮೂವತ್ತನ್ನೂ ಬಿಡುಗಡೆಯಾದ ಕ್ರಮದಲ್ಲೇ ನೋಡಿ ಮುಗಿಸಿದೆವು. “ಡಾಕ್ಟರೇಟ್ ಪಡೆದವರು ಕೂತು ಹಲ್ಲಿಯ ಸಿನಿಮಾ ನೋಡುವುದೇ?” ಎಂದು ಸಂಘದ ಹಿರಿಯರೊಬ್ಬರು ನಕ್ಕರು. ಅವರಿಗೆ ಉತ್ತರವಾಗಿ ಈ ಸಲದ ಅಂಕಣ.

ಮೊದಲ ಚಿತ್ರ ಹುಟ್ಟಿದ ಕಾಲವನ್ನು ಗಮನಿಸಬೇಕು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ಬೂದಿ ಜಪಾನಿನ ಮೀನುದೋಣಿಯೊಂದರ 23 ಮಂದಿಯ ಮೇಲೆ ಬಿತ್ತು. ಸೆಪ್ಟೆಂಬರಿನಲ್ಲಿ ಅವರಲ್ಲೊಬ್ಬ ತೀರಿಕೊಂಡ. ನವೆಂಬರ್ 3ಕ್ಕೆ ‘ಗೋಜಿರಾ’ ತೆರೆಗೆ ಬಂತು. ಹಾಗಾಗಿ ಅದರಲ್ಲಿ ಹಾಸ್ಯಕ್ಕೆ ಎಡೆಯೇ ಇಲ್ಲ. ಉರಿಯುವ ಟೋಕಿಯೋ ಇದೆ, ತುಂಬಿದ ಆಸ್ಪತ್ರೆಗಳಿವೆ. ಮಲಯಾದಲ್ಲಿ ಕೂತು ನೋಡುವವರಿಗೆ ಇನ್ನೊಂದು ನೆನಪೂ ಬರದಿರದು. 1942ರಿಂದ 45ರವರೆಗೆ ಈ ನೆಲವನ್ನು ಆಳಿದವರು ಅದೇ ಜಪಾನೀಯರು. ಇಲ್ಲಿನ ತೋಟಗಳಿಂದ ಸಯಾಂ–ಬರ್ಮಾ ರೈಲುದಾರಿಗೆ ಒಯ್ದ ಭಾರತೀಯ ಕೂಲಿಗಳಲ್ಲಿ ಎಷ್ಟೋ ಮಂದಿ ಮರಳಲಿಲ್ಲ. ಆ ನೆನಪನ್ನು ಇಟ್ಟುಕೊಂಡೇ ನೋಡಿದೆವು. ನೊಂದವರ ನೋವು ಅದರಿಂದ ಸುಳ್ಳಾಗಲಿಲ್ಲ.

ನಮ್ಮನ್ನು ಹಿಡಿದು ನಿಲ್ಲಿಸಿದವನು ರಾಕ್ಷಸನಲ್ಲ, ವಿಜ್ಞಾನಿ ಸೆರಿಜಾವಾ. ಆಮ್ಲಜನಕದ ಸಂಶೋಧನೆಯಲ್ಲಿ ತೊಡಗಿದ್ದಾಗ ಅವನಿಗೆ ನೀರಿನ ಆಮ್ಲಜನಕವನ್ನೇ ನಾಶಮಾಡುವ ಒಂದು ವಸ್ತು ಕೈಗೆ ಸಿಕ್ಕಿಬಿಡುತ್ತದೆ. ತೊಟ್ಟಿಯಲ್ಲಿದ್ದ ಮೀನು ಕ್ಷಣದಲ್ಲಿ ಬರೀ ಮೂಳೆ! ಇದು ಹೊರಬಿದ್ದರೆ ಆಯುಧವಾಗುತ್ತದೆಂದು ಅವನ ಭಯ. ಕೊನೆಗೆ ಒಂದೇ ಒಂದು ಸಲಕ್ಕೆ ಒಪ್ಪಿ, ಕಾಗದಗಳನ್ನೆಲ್ಲ ಸುಟ್ಟು, ಸಮುದ್ರಕ್ಕಿಳಿದು, ಗುಟ್ಟು ತನ್ನೊಂದಿಗೇ ಹೋಗಲೆಂದು ಉಸಿರಿನ ಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ರಸಾಯನಶಾಸ್ತ್ರ ಓದಿದವರಾರೂ ಆ ದೃಶ್ಯವನ್ನು ಸುಲಭಕ್ಕೆ ಮರೆಯಲಾರರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಮುಂದಿನ ಇಪ್ಪತ್ತು ವರ್ಷದ ಚಿತ್ರಗಳು ಮಕ್ಕಳ ಹಬ್ಬ. ರಬ್ಬರ್ ಹಾಲಿನಲ್ಲಿ ಮಾಡಿದ ಅಂಗಿಯೊಳಗೆ ಹೊಕ್ಕ ನಟ ಬೊಂಬೆಯೂರನ್ನು ತುಳಿದು ಪುಡಿಮಾಡುತ್ತಾನೆ. ಮೊದಲ ಅಂಗಿ ನೂರು ಕಿಲೋದಷ್ಟು ಭಾರವಿತ್ತಂತೆ. ಆದರೆ ನಡುವೆ 1971ರಲ್ಲಿ ‘ಹೆಡೋರಾ’ ಎಂಬುದು ಬರುತ್ತದೆ. ಜಪಾನಿಯಲ್ಲಿ ‘ಹೆದೋರೋ’ ಎಂದರೆ ಕೆಸರು. ಕಾರ್ಖಾನೆಯ ಹೊಗೆಯನ್ನೂ ಕೊಚ್ಚೆಯನ್ನೂ ತಿಂದು ಬೆಳೆಯುವ ರಾಕ್ಷಸ ಅದು. ಮಿನಮಾಟಾ ಕಾಯಿಲೆಗೆ ರಾಸಾಯನಿಕ ಕಾರ್ಖಾನೆಯ ಪಾದರಸವೇ ಕಾರಣವೆಂದು ಜಪಾನ್ ಸರಕಾರ ಒಪ್ಪಿದ್ದು 1968ರಲ್ಲಿ. ಮೂರೇ ವರ್ಷದಲ್ಲಿ ಮಕ್ಕಳ ಸಿನಿಮಾಕ್ಕೂ ಅದೇ ಭಯ ಇಳಿದಿತ್ತು.

ಕ್ರಮದ ಮಹತ್ವ ಪೂರ್ತಿ ತಿಳಿಯುವುದು 1995ರಲ್ಲಿ. ಸೆರಿಜಾವಾನ ಕಾಗದ ಸುಟ್ಟು ನಲವತ್ತೊಂದು ವರ್ಷವಾಗಿದೆ. ಇನ್ನೊಬ್ಬ ವಿಜ್ಞಾನಿ ಬೇರೆ ದಾರಿಯಲ್ಲಿ ನಡೆದು ಅದೇ ಬಾಗಿಲಿಗೆ ಬಂದು ನಿಂತಿರುತ್ತಾನೆ. ಹಳೆಯ ಅಸ್ತ್ರ ಬಿದ್ದ ಕಡಲಡಿಯಿಂದ ಹೊಸ ಪ್ರಾಣಿಯೊಂದು ಎದ್ದು ಬರುತ್ತದೆ. ಕಾಗದ ಸುಟ್ಟರೂ ವಿದ್ಯೆ ಸುಡಲಿಲ್ಲ. ಒಬ್ಬನಿಗೆ ಹೊಳೆದದ್ದು ಇನ್ನೊಬ್ಬನಿಗೂ ಒಂದು ದಿನ ಹೊಳೆಯುತ್ತದೆ. ಮೊದಲ ಚಿತ್ರ ನೋಡದೆ ಇದನ್ನು ನೋಡಿದವರಿಗೆ ಏಡಿಯಂಥದ್ದೊಂದರ ಜಗಳ ಮಾತ್ರ ಕಂಡೀತು.

2016ರ ಚಿತ್ರದ ಹಿಂದೆ 2011ರ ಫುಕುಶಿಮಾ ಇದೆ. ಇಲ್ಲಿ ಸತ್ತ ವಿಜ್ಞಾನಿ ತನ್ನ ಟಿಪ್ಪಣಿಗಳನ್ನು ದೋಣಿಯಲ್ಲಿ ಬಿಟ್ಟುಹೋಗಿದ್ದಾನೆ. ಗುಮಾಸ್ತರೂ ಜೀವಶಾಸ್ತ್ರಜ್ಞರೂ ಸೇರಿದ ಗುಂಪೊಂದು ಅದನ್ನು ಬಿಡಿಸಿ ಓದಿ, ರಾಕ್ಷಸನ ರಕ್ತ ಹೆಪ್ಪುಗಟ್ಟಿಸುವ ದ್ರವವನ್ನು ತಯಾರಿಸಿ, ಕಾಂಕ್ರೀಟ್ ಪಂಪಿನ ಲಾರಿಗಳಿಂದ ಬಾಯಿಗೆ ಸುರಿಯುತ್ತದೆ. ರಬ್ಬರ್ ಹಾಲಿಗೆ ಫಾರ್ಮಿಕ್ ಆಮ್ಲ ಹಾಕಿ ಹೆಪ್ಪುಗಟ್ಟಿಸುವ ಈ ದೇಶದಲ್ಲಿ ಕೂತವರಿಗೆ ಅದನ್ನು ಬಿಡಿಸಿ ಹೇಳಬೇಕೆ? “ರಬ್ಬರ್ ರಾಕ್ಷಸನಿಗೆ ರಬ್ಬರಿನದೇ ಚಿಕಿತ್ಸೆ!” ಎಂದರು ನಮ್ಮ ಮನೆಯವರು.

2023ರ ಚಿತ್ರದ ಕಥೆ ಯುದ್ಧ ಮುಗಿದ ವರ್ಷಗಳದ್ದು, ಎಲ್ಲಕ್ಕಿಂತ ಹಿಂದಿನದು. “ಹಾಗಾದರೆ ಇದನ್ನೇ ಮೊದಲು ನೋಡಬೇಕಿತ್ತಲ್ಲಪ್ಪ?” ಎಂದು ಮಗ ಕೇಳಿದ. ಇಲ್ಲ ಮಗು, ಕೊನೆಯಲ್ಲೇ ನೋಡಬೇಕು. ಇಲ್ಲಿ ಫ್ರಿಯಾನ್ ಅನಿಲದ ಗುಳ್ಳೆಗಳಿಂದ ರಾಕ್ಷಸನನ್ನು ಕಡಲಾಳಕ್ಕೆ ಇಳಿಸುವ ಉಪಾಯವನ್ನು ಸಭೆ ಸೇರಿಸಿ ಎಲ್ಲರೆದುರು ಹೇಳುತ್ತಾರೆ. ಅಪಾಯವನ್ನೂ ಮುಚ್ಚಿಡುವುದಿಲ್ಲ. ಬೇಡವೆನ್ನುವವರು ಎದ್ದು ಮನೆಗೆ ಹೋಗಬಹುದು. ಒಬ್ಬನ ನೆಲಮಾಳಿಗೆಯ ಗುಟ್ಟು ಎಪ್ಪತ್ತು ವರ್ಷಕ್ಕೆ ಸಭೆಯ ಮಾತಾಯಿತು. ಈ ಪಯಣ ತಯಾರಿಸಿದ ವರ್ಷದ ಕ್ರಮದಲ್ಲಿ ಮಾತ್ರ ಕಾಣುತ್ತದೆ.

ಇದೆಲ್ಲ ಬರೀ ಸಿನಿಮಾದ ಮಾತಲ್ಲ. ಈಪೋ ಹತ್ತಿರದ ಬುಕಿಟ್ ಮೇರಾದಲ್ಲಿ 1980ರ ದಶಕದಲ್ಲಿ ಏಷ್ಯನ್ ರೇರ್ ಅರ್ಥ್ ಕಾರ್ಖಾನೆ ತವರದ ಗಣಿಯ ಉಳಿಕೆ ಮರಳಿನ ಖನಿಜದಿಂದ ವಿರಳ ಧಾತುಗಳನ್ನು ತೆಗೆಯುತ್ತಿತ್ತು. ಹಿಂದೆ ಉಳಿಯುತ್ತಿದ್ದದ್ದು ಥೋರಿಯಂ ಬೆರೆತ ವಿಕಿರಣ ಕಸ. ಊರವರು 1985ರಲ್ಲಿ ಕೋರ್ಟಿಗೆ ಹೋದರು. 1992ರಲ್ಲಿ ಹೈಕೋರ್ಟು ಮುಚ್ಚಲು ಹೇಳಿತು, ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಆದರೂ 1994ರಲ್ಲಿ ಕಾರ್ಖಾನೆ ನಿಂತಿತು. 2019ರ ಮಾರ್ಚಿನಲ್ಲಿ ಜೊಹೋರಿನ ಪಾಸಿರ್ ಗುಡಾಂಗಿನಲ್ಲಿ ಕಿಂ ಕಿಂ ನದಿಗೆ ಯಾರೋ ರಾತ್ರೋರಾತ್ರಿ ರಾಸಾಯನಿಕ ಕಸ ಸುರಿದರು. ಸಾವಿರಾರು ಮಂದಿ ಅಸ್ವಸ್ಥರಾಗಿ 111 ಶಾಲೆಗಳು ಮುಚ್ಚಿದವು. ತಾವು ಉಸಿರಾಡಿದ್ದು ಏನೆಂದು ಮಕ್ಕಳ ತಾಯಂದಿರಿಗೆ ಗೊತ್ತಿರಲಿಲ್ಲ.

ಸೆರಿಜಾವಾನ ತ್ಯಾಗಕ್ಕೆ ಕೈಮುಗಿಯೋಣ, ಅವನ ದಾರಿ ಹಿಡಿಯುವುದು ಬೇಡ. ನಮ್ಮ ಕೈಕೆಳಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾವೀಗ ಮೊದಲು ಹೇಳುವುದಿಷ್ಟೆ: ಡಬ್ಬಿಯೊಳಗೆ ಏನಿದೆಯೋ ಅದನ್ನು ಡಬ್ಬಿಯ ಮೇಲೆ ಬರೆಯಿರಿ, ಮಲಯದಲ್ಲೂ ತಮಿಳಿನಲ್ಲೂ ಬರೆಯಿರಿ, ನೆಲ ಒರೆಸುವ ಅಮ್ಮನಿಗೂ ಓದಲು ಬರಬೇಕು.

ಮೂವತ್ತಕ್ಕೆ ಪುರುಸೊತ್ತಿಲ್ಲದ ಓದುಗ ಬಂಧುಗಳಿಗೆ ಐದು ಸಾಕು: 1954, 1971, 1995, 2016, 2023. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಕ್ರಮವನ್ನು ಮಾತ್ರ ತಪ್ಪಿಸಬೇಡಿ.