ಬೇರು ಕಿತ್ತ ಮೇಲೂ ಚಿಗುರುವುದು

ರಾಯಚೂರಿನಿಂದ ನಮ್ಮ ಸೋದರಮಾವ ಸನತ್‌ನಗರಕ್ಕೆ ಬಂದು ಎರಡು ತಿಂಗಳಾಯಿತು. ಎರಡು ವರ್ಷದ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೂ ಹರಡಿದೆ ಎಂದು ತಿಳಿದಾಗ ವೃಷಣಗಳನ್ನು ತೆಗೆಸಿದ್ದರು. ಊರಲ್ಲಿ ಎಲ್ಲರಿಗೂ ಹೇಳಿದ್ದು ಹರ್ನಿಯಾ ಆಪರೇಷನ್ ಎಂದು. ಪಿಎಸ್‌ಎ ಚೆನ್ನಾಗಿ ಇಳಿಯಿತು. ಈಗ ಮತ್ತೆ ಏರತೊಡಗಿದೆ.

"ಬೇರೇ ಕಿತ್ತು ಒಗದೀವಿ. ಮತ್ತ ಹೆಂಗ ಚಿಗರ್ತದ ಇದು? ನೀ ಕಂಪ್ಯೂಟರಿನಾಂವ, ಹುಡುಕಿ ಹೇಳು" ಅಂದರು.

ಹುಡುಕಿದೆ. ಈ ರೋಗಕ್ಕೆ ಗಂಡಸಿನ ಹಾರ್ಮೋನೇ ಗೊಬ್ಬರ ಎಂದು ಚಾರ್ಲ್ಸ್ ಹಗ್ಗಿನ್ಸ್ ತೋರಿಸಿದ್ದು 1941ರಲ್ಲಿ. ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಟೆಸ್ಟೋಸ್ಟಿರೋನಿನ ಬಹುಪಾಲು ತಯಾರಾಗುವುದು ವೃಷಣದಲ್ಲಿ. ಆದರೆ ಪ್ರಾಸ್ಟೇಟಿನೊಳಗೆ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಡಿಎಚ್‌ಟಿ ಎಂಬ ಇನ್ನೂ ಖಾರವಾದ ಹಾರ್ಮೋನಾಗಿ ಬದಲಾಯಿಸುತ್ತದೆ. ಜೀವಕೋಶದ ಗ್ರಾಹಿಗೆ ಡಿಎಚ್‌ಟಿ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಮಾವನ ಪ್ರಶ್ನೆಗೆ ಉತ್ತರ ಇರುವುದು ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ. ಅದು ಡಿಎಚ್‌ಇಎ ಎಂಬ ಕಚ್ಚಾ ಮಾಲನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಗಡ್ಡೆಯ ಕೋಶಗಳು ಅದನ್ನು ಎಳೆದುಕೊಂಡು, ತಮ್ಮದೇ ಕಿಣ್ವಗಳಿಂದ ಹಂತ ಹಂತವಾಗಿ ಡಿಎಚ್‌ಟಿ ಮಾಡಿಕೊಳ್ಳುತ್ತವೆ. ನಡುವೆ ಟೆಸ್ಟೋಸ್ಟಿರೋನನ್ನು ಮುಟ್ಟದೆಯೇ ಹೋಗುವ ಅಡ್ಡದಾರಿಯೂ ಇದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಹಾರ್ಮೋನು ತಳ ಕಂಡಿದ್ದರೂ ಗಡ್ಡೆಯೊಳಗೆ ಅಡುಗೆ ನಡೆದೇ ಇರುತ್ತದೆ. ಸರ್ವರ್ ಆಫ್ ಮಾಡಿ ಮನೆಗೆ ಬಂದಮೇಲೂ ಯಾರೋ ಲ್ಯಾಪ್‌ಟಾಪಿನಲ್ಲಿ ಅದೇ ಪ್ರೋಗ್ರಾಂ ಓಡಿಸುತ್ತಿದ್ದ ಹಾಗೆ!

ಈ ದಾರಿಯ ಮೊದಲ ಗೇಟು 3-ಬೀಟಾ-ಎಚ್‌ಎಸ್‌ಡಿ-1 ಎಂಬ ಕಿಣ್ವ. ಅದರ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದರೆ ಕಿಣ್ವ ಬೇಗ ಕರಗದೆ ಕೋಶದಲ್ಲಿ ಉಳಿಯುತ್ತದೆ, ಗೇಟು ತೆರೆದೇ ಇರುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ನಿಮಾ ಶರೀಫಿ ತಂಡ ಇದನ್ನು 2013ರಲ್ಲಿ ಪ್ರಕಟಿಸಿತು. ಇದು ಹುಟ್ಟಿನಿಂದಲೇ ಬರಬಹುದು. ಒಂದೇ ಚಿಕಿತ್ಸೆ ಒಬ್ಬರಿಗೆ ಹೆಚ್ಚು ವರ್ಷ, ಇನ್ನೊಬ್ಬರಿಗೆ ಕಡಿಮೆ ವರ್ಷ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಮಾವ ಸುಮ್ಮನೆ "ನಾ ಏನ್ ತಪ್ಪು ತಿಂದೆನೋ" ಎಂದು ಕೊರಗುತ್ತಿದ್ದರು.

ಈಗ ಕೊಟ್ಟಿರುವುದು ಅಬಿರಾಟೆರೋನ್. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಪಡೆದ ಇದು ಸಿವೈಪಿ17 ಎಂಬ ಕಿಣ್ವವನ್ನೇ ತಡೆದು, ಕಚ್ಚಾ ಮಾಲು ಹುಟ್ಟದಂತೆ ಮಾಡುತ್ತದೆ. ಹೆಟೆರೋ, ಎಂಎಸ್‌ಎನ್‌ನಂಥ ಕ್ಯಾನ್ಸರ್ ಔಷಧಿ ಮಾಡುವ ಕಂಪನಿಗಳ ಆಫೀಸುಗಳು ನಮ್ಮ ಸನತ್‌ನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೇ ಇವೆ. ದಿನಾ ಅದೇ ರಸ್ತೆಯಲ್ಲಿ ಓಡಾಡಿದರೂ ಒಳಗೇನು ನಡೆಯುತ್ತದೆಂದು ಯೋಚಿಸಿದವನಲ್ಲ ನಾನು.

ಹೋದ ವಾರ ಮಾವನ ಕಾಲು ಊದಿಕೊಂಡಿತು, ಬಿಪಿ 170 ದಾಟಿತು. ಡಬ್ಬಿ ಎಣಿಸಿದರೆ ದೊಡ್ಡ ಮಾತ್ರೆ ಸರಿಯಾಗಿ ಖರ್ಚಾಗಿದೆ, ಚಿಕ್ಕ ಪ್ರೆಡ್ನಿಸೋಲೋನ್ ಮಾತ್ರ ಹಾಗೇ ಉಳಿದಿದೆ. "ಸ್ಟೆರಾಯ್ಡ್ ಅಂತ. ಸಕ್ಕರಿ ಬರ್ತದಂತ ಪಕ್ಕದ ಮನಿಯವರು ಹೇಳಿದ್ರು." ಆ ಭಯ ಪೂರ್ತಿ ಸುಳ್ಳಲ್ಲ. ಆದರೆ ಸಿವೈಪಿ17 ನಿಂತರೆ ಕಾರ್ಟಿಸೋಲೂ ಕಮ್ಮಿಯಾಗುತ್ತದೆ. ಮೆದುಳಿನ ಕೆಳಗಿನ ಪಿಟ್ಯೂಟರಿ ಗ್ರಂಥಿ ಗಾಬರಿಯಾಗಿ ಅಡ್ರಿನಲ್ಲನ್ನು ಚಾಟಿ ಬೀಸಿ ಓಡಿಸುತ್ತದೆ. ಗೇಟು ಮುಚ್ಚಿದ್ದರಿಂದ ಉಪ್ಪು ಹಿಡಿದಿಡುವ ಹಾರ್ಮೋನುಗಳು ರಾಶಿಯಾಗುತ್ತವೆ: ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಆ ಚಿಕ್ಕ ಮಾತ್ರೆ ಪಿಟ್ಯೂಟರಿಯನ್ನು ಸಮಾಧಾನ ಮಾಡಲಿಕ್ಕೆ. ಡಾಕ್ಟರು ಅಂದೇ ಕರೆಸಿ ರಕ್ತ ತೆಗೆಸಿದರು, ಮಾತ್ರೆ ಮತ್ತೆ ಶುರುವಾಯಿತು. ಮನೆಯಲ್ಲಿ ಯಾರಾದರೂ ಈ ಜೋಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡೂ ಡಬ್ಬಿ ಎಣಿಸಿ ನೋಡಿ.

ಈ ಔಷಧಿಯೂ ಎಲ್ಲರಿಗೂ ಸದಾಕಾಲ ಹಿಡಿಯುವುದಿಲ್ಲ, ಗ್ರಾಹಿಯೇ ರೂಪ ಬದಲಿಸಿಕೊಳ್ಳಬಹುದು. ಅದನ್ನೂ ಮಾವನಿಗೆ ಹೇಳಿದೆ. ಕೇಳಿಸಿಕೊಂಡರು. ಈಗ ಬೆಳಗ್ಗೆ ಐದಕ್ಕೆ ಎದ್ದು ಖಾಲಿ ಹೊಟ್ಟೆಯಲ್ಲಿ ದೊಡ್ಡ ಮಾತ್ರೆ ನುಂಗುತ್ತಾರೆ. ಊಟದ ಜೊತೆ ತೆಗೆದುಕೊಂಡರೆ ಅದು ರಕ್ತಕ್ಕೆ ಹಲವು ಪಟ್ಟು ಹೆಚ್ಚು ಸೇರಿಬಿಡುತ್ತದೆ. ಗಡಿಯಾರ ನೋಡುತ್ತ ಕೂತು, ಆರು ಹೊಡೆದ ಕೂಡಲೇ ಅಡುಗೆಮನೆಯ ಕಡೆ ಕೂಗುತ್ತಾರೆ: "ತಾಸು ಆತವಾ, ಉಪ್ಪಿಟ್ಟು ಹಾಕು. ಆ ಸಣ್ಣ ಗುಳಗಿನೂ ಕೊಡು."